ರಕ್ತದ ಸಕ್ಕರೆ ತೀರಾ ಇಳಿದಾಗ ಮಾಡಬೇಕಾದುದು

ಊಟದ ನಂತರ ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಸ್ರವಿಸಿ ಆ ಗ್ಲೂಕೋಸ್ ಸ್ನಾಯು ಮತ್ತು ಕೊಬ್ಬಿನ ಕೋಶಗಳೊಳಗೆ ಸೇರುವಂತೆ ಮಾಡುತ್ತವೆ. ಹೊಟ್ಟೆ ಖಾಲಿಯಿದ್ದಾಗ ಅದೇ ಗ್ರಂಥಿಯ ಆಲ್ಫಾ ಕೋಶಗಳ ಗ್ಲುಕಗಾನ್ ಎಂಬ ಹಾರ್ಮೋನು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ಒಂದನೇ ಬಗೆಯ ಮಧುಮೇಹದಲ್ಲಿ ಬೀಟಾ ಕೋಶಗಳೇ ನಾಶವಾಗುತ್ತವೆ, ಎರಡನೆಯದರಲ್ಲಿ ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ.

ಇನ್ಸುಲಿನ್ ಚುಚ್ಚುಮದ್ದನ್ನೋ ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನೋ ತೆಗೆದುಕೊಂಡು ಊಟ ತಪ್ಪಿಸಿದರೆ, ಉಪವಾಸದ ದಿನಗಳಲ್ಲಿ ಆಗುವಂತೆ, ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಎದೆಬಡಿತ ಕಾಣಿಸಿದರೆ ಕೂಡಲೇ ಗ್ಲುಕೋಮೀಟರಿನಲ್ಲಿ ಪರೀಕ್ಷಿಸಬೇಕು. ಅಂಕಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ, ಅಥವಾ ಮೀಟರ್ ಹತ್ತಿರವಿಲ್ಲದಿದ್ದರೂ, ಸುಮಾರು 15 ಗ್ರಾಂ ಸಕ್ಕರೆಯನ್ನು, ಎಂದರೆ ಮೂರು ಟೀ ಚಮಚದಷ್ಟನ್ನು, ನೀರಿನಲ್ಲಿ ಕರಗಿಸಿ ಕುಡಿಯಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಅದನ್ನೇ ಪುನಃ ಮಾಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯ ಹೀರುವಿಕೆಯನ್ನು ನಿಧಾನಗೊಳಿಸುತ್ತದೆ.

ಅನೇಕರಿಗೆ ತಿಳಿಯದ ಒಂದು ಮುಖ್ಯ ಸಂಗತಿಯಿದೆ: ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಮಧುಮೇಹದ ಮಾತ್ರೆಗಳನ್ನು ಸೇವಿಸುವವರಲ್ಲಿ ಸಾಮಾನ್ಯ ಸಕ್ಕರೆ ಕರುಳಿನಲ್ಲಿ ಬೇಗ ಒಡೆಯುವುದಿಲ್ಲವಾದ್ದರಿಂದ, ಅವರು ಔಷಧದಂಗಡಿಯ ಗ್ಲೂಕೋಸ್ ಪುಡಿಯನ್ನೇ ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು.

ಚೇತರಿಸಿಕೊಂಡ ಮೇಲೆ ಊಟ ಮಾಡಬೇಕು, ಏಕೆಂದರೆ ಗ್ಲಿಮೆಪಿರೈಡ್‌ನ ಪರಿಣಾಮ ಗಂಟೆಗಟ್ಟಲೆ ಉಳಿದು ಸಕ್ಕರೆ ಮತ್ತೆ ಇಳಿಯಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಬೇಕು.