ಸ್ಥಿರ ಆಸ್ತಿಗಳ ಆಯುಷ್ಯ ಮತ್ತು ಸವಕಳಿಯನ್ನು ಪರಿಶೋಧಿಸುವ ಕ್ರಮ

ಸವಕಳಿ ಎಂದರೆ ಆಸ್ತಿಯ ವೆಚ್ಚವನ್ನು ಅದು ಬಾಳುವ ವರ್ಷಗಳಿಗೆ ಹಂಚಿ ಖರ್ಚು ಹಾಕುವುದು. ಅದರ ಗುಣಾಕಾರ ಭಾಗಾಕಾರಗಳಲ್ಲಿ ಇಂದು ತಪ್ಪುಗಳು ಸಿಗುವುದು ಅಪರೂಪ, ಏಕೆಂದರೆ ಆ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಲೆಕ್ಕಪರಿಶೋಧಕರು ಸಮಯ ಕೊಡಬೇಕಾದದ್ದು ಆ ಲೆಕ್ಕಕ್ಕೆ ಆಧಾರವಾದ ಉಪಯುಕ್ತ ಆಯುಷ್ಯದ ಅಂದಾಜಿಗೆ.

ಮೊದಲು ಆಸ್ತಿ ರಿಜಿಸ್ಟರ್ ಲೆಡ್ಜರಿನೊಂದಿಗೆ ತಾಳೆಯಾಗಬೇಕು. ಬಳಿಕ ಪ್ರತಿ ವರ್ಗದ ಆಯುಷ್ಯವನ್ನು 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯೊಂದಿಗೆ ಹೋಲಿಸಿ: ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷ, ಕಾರ್ಖಾನೆ ಕಟ್ಟಡಕ್ಕೆ 30, ಪೀಠೋಪಕರಣಕ್ಕೆ 10, ಸರ್ವರ್‌ಗಳಿಗೆ 6, ಲ್ಯಾಪ್‌ಟಾಪ್‌ಗಳಿಗೆ 3. ಉಳಿಕೆ ಮೌಲ್ಯ, ಅಂದರೆ ಆಯುಷ್ಯ ಮುಗಿದಾಗ ಆಸ್ತಿಗೆ ಸಿಗಬಹುದಾದ ಬೆಲೆ, ಸಾಮಾನ್ಯವಾಗಿ ಮೂಲ ವೆಚ್ಚದ ಶೇ. 5ನ್ನು ಮೀರುವಂತಿಲ್ಲ. ಕಂಪನಿಯು ಬೇರೆ ಆಯುಷ್ಯವನ್ನು ಬಳಸಬಹುದು. ಆದರೆ ಅದಕ್ಕೆ ತಾಂತ್ರಿಕ ಸಲಹೆಯ ಸಮರ್ಥನೆ ಇರಬೇಕು, ಹಣಕಾಸು ವರದಿಯಲ್ಲಿ ಅದನ್ನು ಪ್ರಕಟಿಸಿರಲೂ ಬೇಕು. ಆದಾಯ ತೆರಿಗೆಯ ದರಗಳನ್ನೇ ಕಂಪನಿಯ ಪುಸ್ತಕಕ್ಕೂ ಹಾಕಿದ್ದರೆ ಒಪ್ಪಬೇಡಿ.

ಅಂದಾಜು ವಾಸ್ತವಕ್ಕೆ ಹತ್ತಿರವಿದೆಯೇ ಎಂಬುದಕ್ಕೆ ನನ್ನ ದೃಷ್ಟಿಯಲ್ಲಿ ಅತ್ಯಂತ ಗಟ್ಟಿಯಾದ ಸಾಕ್ಷ್ಯವೆಂದರೆ ಹಿಂದಿನ ಕೆಲವು ವರ್ಷಗಳಲ್ಲಿ ಮಾರಿದ ಮತ್ತು ಗುಜರಿಗೆ ಹಾಕಿದ ಆಸ್ತಿಗಳ ಪಟ್ಟಿ. ಒಂದೇ ವರ್ಗದ ಆಸ್ತಿಗಳನ್ನು ಮಾರಿದಾಗಲೆಲ್ಲ ನಷ್ಟವೇ ಕಾಣಿಸಿಕೊಂಡಿದ್ದರೆ ಆಯುಷ್ಯವನ್ನೋ ಉಳಿಕೆ ಮೌಲ್ಯವನ್ನೋ ಹೆಚ್ಚಾಗಿ ಅಂದಾಜಿಸಿರುವ ಸಾಧ್ಯತೆಯಿದೆ. ಪೂರ್ತಿ ಸವಕಳಿಯಾದ ಯಂತ್ರಗಳು ಇನ್ನೂ ಉತ್ಪಾದನೆಯಲ್ಲಿದ್ದರೆ ಅಂದಾಜು ಕಡಿಮೆಯಾಗಿತ್ತು ಎಂದರ್ಥ. ಅಂದಾಜುಗಳ ಪರಿಶೋಧನೆಗೆಂದೇ ಇರುವ ಲೆಕ್ಕಪರಿಶೋಧನಾ ಮಾನದಂಡ 540 ಹಿಂದಿನ ಅಂದಾಜುಗಳನ್ನು ಮರಳಿ ನೋಡಬೇಕೆಂದು ಹೇಳುತ್ತದೆ; ಒಂದೇ ಕಡೆಗೆ ವಾಲುವ ಇಂಥ ಒಲವನ್ನು ಗುರುತಿಸಲು ಅದು ನೆರವಾಗುತ್ತದೆ.

ಇದಾದ ಮೇಲೆ ಶಾಪ್‌ಫ್ಲೋರಿಗೆ ಹೋಗಲೇಬೇಕು. ಉದಾಹರಣೆಗೆ, ಪೀಣ್ಯದ ಒಂದು ಘಟಕದಲ್ಲಿ 40 ಲಕ್ಷ ರೂಪಾಯಿಯ ಸಿಎನ್‌ಸಿ ಲೇಥ್ (ಕಂಪ್ಯೂಟರ್ ನಿಯಂತ್ರಿತ ಲೋಹ ಕಡೆಯುವ ಯಂತ್ರ) ಇದೆ ಎಂದುಕೊಳ್ಳಿ. ಶೇ. 5ರ ಉಳಿಕೆ ಮೌಲ್ಯ ಕಳೆದು, ನೇರ ರೇಖಾ ವಿಧಾನದಲ್ಲಿ, ಅಂದರೆ ಪ್ರತಿ ವರ್ಷಕ್ಕೂ ಸಮನಾಗಿ, 15 ವರ್ಷಕ್ಕೆ ಹಂಚಿದರೆ ವಾರ್ಷಿಕ ಸವಕಳಿ 2,53,333 ರೂಪಾಯಿ. ಲಾಗ್‌ಬುಕ್ ಮತ್ತು ಹಾಜರಿ ಪುಸ್ತಕಗಳು ವರ್ಷವಿಡೀ ಎರಡು ಶಿಫ್ಟ್ ನಡೆದಿರುವುದನ್ನು ತೋರಿಸಿದರೆ, ಅನುಸೂಚಿಯಂತೆ ಶೇ. 50 ಹೆಚ್ಚಿ ಅದು 3,80,000 ಆಗುತ್ತದೆ. ಮೂರು ಶಿಫ್ಟ್ ನಡೆದಿದ್ದರೆ ಇಮ್ಮಡಿ. ಶಿಫ್ಟ್‌ಗಳ ವಿಷಯದಲ್ಲಿ ಅಕೌಂಟ್ಸ್ ವಿಭಾಗದ ಮಾತೊಂದನ್ನೇ ನಂಬದೆ ಮೇಂಟೆನೆನ್ಸ್ ಮೇಲ್ವಿಚಾರಕರನ್ನೂ ವಿಚಾರಿಸಿ. ಸ್ಪಿಂಡಲ್ ಯಾವಾಗ ಬದಲಾಯಿತು, ಬಿಡಿಭಾಗ ಈಗಲೂ ಸಿಗುತ್ತದೆಯೇ ಎಂಬುದು ಅವರಿಗೇ ಗೊತ್ತಿರುತ್ತದೆ. ಬೆಲೆಯಲ್ಲಿ ಗಣನೀಯ ಪಾಲುಳ್ಳ ಭಾಗವೊಂದರ ಆಯುಷ್ಯ ಯಂತ್ರದ್ದಕ್ಕಿಂತ ಭಿನ್ನವಾಗಿದ್ದರೆ ಆ ಭಾಗಕ್ಕೆ ಪ್ರತ್ಯೇಕ ಸವಕಳಿ ಹಾಕಿರಬೇಕು.

ವೈಟ್‌ಫೀಲ್ಡ್‌ನಂಥ ಕಡೆ ಬಾಡಿಗೆ ಕಟ್ಟಡದಲ್ಲಿರುವ ಕಚೇರಿಗಳಲ್ಲಿ ಒಳಾಂಗಣ ಕೆಲಸಕ್ಕೆ 10 ವರ್ಷ ಹಾಕಿ, ಗುತ್ತಿಗೆ ಮಾತ್ರ ಐದೇ ವರ್ಷಕ್ಕಿರುವುದುಂಟು. ಕರಾರನ್ನು ಪೂರ್ತಿ ಓದಿ. ನವೀಕರಣ ಬಹುಮಟ್ಟಿಗೆ ಖಚಿತ ಎನ್ನಲು ಆಧಾರವಿಲ್ಲದಿದ್ದರೆ ಗುತ್ತಿಗೆಯ ಅವಧಿಯೇ ಆಯುಷ್ಯದ ಮಿತಿ.

ಸವಕಳಿಯ ಆರಂಭ ಇನ್‌ವಾಯ್ಸ್ ದಿನಾಂಕದಿಂದಲ್ಲ, ಆಸ್ತಿ ಬಳಕೆಗೆ ಸಿದ್ಧವಾದ ದಿನದಿಂದ.

ಆಯುಷ್ಯ ಮತ್ತು ಉಳಿಕೆ ಮೌಲ್ಯಗಳನ್ನು ಕಂಪನಿ ಪ್ರತಿ ವರ್ಷಾಂತ್ಯದಲ್ಲಿ ಮರುಪರಿಶೀಲಿಸಬೇಕು. ಬದಲಾವಣೆಯ ಪರಿಣಾಮ ಅದನ್ನು ಮಾಡಿದ ವರ್ಷಕ್ಕೂ ಮುಂದಿನ ವರ್ಷಗಳಿಗೂ ಮಾತ್ರ ಸೇರುತ್ತದೆ. ಮೇಲಿನ ಲೇಥ್ ಒಂದೇ ಶಿಫ್ಟಿನಲ್ಲಿ ಆರು ವರ್ಷ ದುಡಿದ ಬಳಿಕ ಇನ್ನು ನಾಲ್ಕೇ ವರ್ಷ ಬಾಳುತ್ತದೆ ಎಂದಾದರೆ, ಉಳಿದ 24.80 ಲಕ್ಷದಲ್ಲಿ 2 ಲಕ್ಷ ಉಳಿಕೆ ಮೌಲ್ಯ ಕಳೆದು ವರ್ಷಕ್ಕೆ 5.70 ಲಕ್ಷ ಹಾಕಬೇಕು. ಹಳೆಯ ವರ್ಷಗಳನ್ನು ತಿದ್ದುವಂತಿಲ್ಲ. ಲಾಭ ಕುಗ್ಗಿದ ವರ್ಷದಲ್ಲೇ ಆಯುಷ್ಯ ಹಿಗ್ಗಿದ್ದರೆ ಅದನ್ನು ಸಮರ್ಥಿಸುವ ಎಂಜಿನಿಯರ್ ವರದಿಯ ದಿನಾಂಕವನ್ನೂ ಅವರ ಅರ್ಹತೆ, ಸ್ವಾತಂತ್ರ್ಯಗಳನ್ನೂ ಪರಿಶೀಲಿಸಿ, ಕಂಡದ್ದನ್ನು ಕಾರ್ಯಪತ್ರದಲ್ಲಿ (ಪರಿಶೋಧನೆಯ ದಾಖಲೆ ಕಡತದಲ್ಲಿ) ದಾಖಲಿಸಿ.