ಮೈನಸ್ 110 ಡಿಗ್ರಿ ಕೋಣೆಯಲ್ಲಿ ನಿಂತಾಗ

ವ್ಯಾಯಾಮದ ದಣಿವು, ನೋವು ಇಳಿಸುವ ರಿಕವರಿ ಸ್ಟುಡಿಯೋಗೆ ಫೋನ್ ಮಾಡಿ ನಾನು ಕೇಳಿದ ಮೊದಲ ಪ್ರಶ್ನೆ, “ನಿಮ್ಮ ಮಷೀನ್ ಕರೆಂಟಿನದೋ, ನೈಟ್ರೋಜನ್‌ದೋ?”

ಕ್ರಯೋಥೆರಪಿಗೆ, ಅಂದರೆ ವಿಪರೀತ ಚಳಿಯಲ್ಲಿ ಕೆಲವೇ ನಿಮಿಷ ನಿಲ್ಲಿಸುವ ಚಿಕಿತ್ಸೆಗೆ, ಹೋಗುವವರೆಲ್ಲ ಇದನ್ನು ಕೇಳಲೇಬೇಕು. ನೈಟ್ರೋಜನ್ ಡಬ್ಬಿಯಲ್ಲಿ ತಲೆ ಹೊರಗಿರುತ್ತದೆ, ಕುತ್ತಿಗೆಯಿಂದ ಕೆಳಗೆ ತಣ್ಣನೆಯ ಅನಿಲ. ಅದಕ್ಕೆ ವಾಸನೆ ಇಲ್ಲ. ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ಆಮ್ಲಜನಕ ಕಡಿಮೆಯಾಗಿ, ಗೊತ್ತೇ ಆಗದ ಹಾಗೆ ಎಚ್ಚರ ತಪ್ಪುತ್ತದೆ. 2015ರಲ್ಲಿ ಅಮೆರಿಕದ ನೆವಾಡಾದಲ್ಲಿ ಇಂಥ ಕಡೆ ಕೆಲಸಕ್ಕಿದ್ದ ಮಹಿಳೆಯೊಬ್ಬರು, ಎಲ್ಲರೂ ಹೋದ ಮೇಲೆ ಒಬ್ಬರೇ ಮಷೀನ್ ಬಳಸಿ ಪ್ರಾಣ ಕಳೆದುಕೊಂಡರು. ಕರೆಂಟಿನದಾದರೆ ಅದೊಂದು ಕೋಣೆ. ಒಳಗಿರುವುದು ಮಾಮೂಲಿ ಗಾಳಿಯೇ, ವಿಪರೀತ ತಣ್ಣಗಿರುತ್ತದೆ ಅಷ್ಟೆ. ನಾನು ಹೋಗಿದ್ದು ಅಂಥದ್ದಕ್ಕೆ.

ಬಿಪಿ ನೋಡಿದರು. ಹೃದಯದ ತೊಂದರೆ, ಪೇಸ್‌ಮೇಕರ್, ಗರ್ಭ, ಚಳಿಗೆ ಮೈಮೇಲೆ ದದ್ದು ಏಳುವುದು, ಹೀಗೆ ಉದ್ದ ಪಟ್ಟಿ ಓದಿ ಕೇಳಿದರು. ಬೇಜಾರು ಮಾಡಿಕೊಳ್ಳದೆ ಎಲ್ಲಕ್ಕೂ ಉತ್ತರಿಸಿದೆ. ಆಮೇಲೆ ಉಂಗುರ, ವಾಚ್ ತೆಗೆಸಿ ಒಣಗಿದ ಗ್ಲೌಸ್, ಸಾಕ್ಸ್, ಕಿವಿಪಟ್ಟಿ, ಮಾಸ್ಕ್ ಕೊಟ್ಟರು. ಮೈಮೇಲೆ ಬೆವರು, ಕ್ರೀಮ್ ಏನೂ ಇರಬಾರದು. ಇದು ಸುಮ್ನೆ ಹೇಳುವ ಮಾತಲ್ಲ. ಓಟಗಾರ ಜಸ್ಟಿನ್ ಗ್ಯಾಟ್ಲಿನ್ 2011ರಲ್ಲಿ ಒದ್ದೆ ಸಾಕ್ಸ್ ಹಾಕಿಕೊಂಡು ಇಂಥ ಕೋಣೆಗೆ ಹೋಗಿ, ಪಾದಗಳಿಗೆ ಹಿಮಹುಣ್ಣು ಮಾಡಿಕೊಂಡೇ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋಗಿದ್ದರು.

ಮೊದಲು ಮೈನಸ್ 60ರ ಚಿಕ್ಕ ಕೋಣೆ. ಅಲ್ಲಿಂದ ಬಾಗಿಲು ತಳ್ಳಿದರೆ ಮೈನಸ್ 110. ಐಸ್ ನೀರಿಗೆ ಇಳಿದಾಗ ಉಸಿರು ಸಿಕ್ಕಿಕೊಳ್ಳುತ್ತದಲ್ವಾ, ಇಲ್ಲಿ ಹಾಗಾಗಲಿಲ್ಲ. ಗಾಳಿ ಪೂರ್ತಿ ಒಣ. ಒಂದು ನಿಮಿಷ ಆರಾಮಾಗೇ ಇದ್ದೆ. ಎರಡನೇ ನಿಮಿಷಕ್ಕೆ ತೊಡೆ, ಮೀನಖಂಡ ಚುರುಗುಟ್ಟತೊಡಗಿದವು. ಕೊನೆಕೊನೆಗೆ ಕಾಲು ನಡುಗಿ, ಕಣ್ಣು ಗಾಜಿನಾಚೆ ನಿಂತಿದ್ದ ಹುಡುಗಿಯ ಮೇಲೇ ಇತ್ತು. ಅವಳು ಮೈಕಿನಲ್ಲಿ ಮಾತಾಡಿಸುತ್ತಲೇ ಇದ್ದಳು. ಮೂರು ನಿಮಿಷಕ್ಕೆ ಹೊರಗೆ. ಚರ್ಮ ಕೆಂಪೇರಿ ಜುಮುಜುಮು ಅನ್ನುತ್ತಿತ್ತು, ತಲೆ ಮಾತ್ರ ಒಳ್ಳೆ ಕಾಫಿ ಕುಡಿದ ಹಾಗೆ ಚುರುಕು. ಚಳಿಗೆ ನಾರ್‌ಅಡ್ರಿನಲಿನ್ ಎಂಬ ಹಾರ್ಮೋನ್ ಏರುವುದರಿಂದ ಹೀಗಾಗುತ್ತದೆ. ಆ ಹುರುಪು ಸಂಜೆವರೆಗೂ ಉಳಿಯಿತು.

ಆದರೆ ನಾನು ಹೋಗಿದ್ದು ಕಾಲುನೋವಿಗೆ. ದೂರದ ಓಟದ ಮರುದಿನ ಮೆಟ್ಟಿಲು ಇಳಿಯುವ ಕಷ್ಟ ಓಡುವವರಿಗೆ ಗೊತ್ತು. ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಯೋಚಿಸಿದರೆ ಸಹಜವೇ. ಗಾಳಿಗಿಂತ ನೀರು ಸುಮಾರು 25 ಪಟ್ಟು ಜಾಸ್ತಿ ಶಾಖ ಸಾಗಿಸುತ್ತದೆ. ಈ ಕೋಣೆಯಲ್ಲಿ ಚರ್ಮ ಬೇಗ ತಣ್ಣಗಾಗುತ್ತದೆ, ಒಳಗಿನ ಸ್ನಾಯು ಅಷ್ಟಾಗಿ ಆಗುವುದಿಲ್ಲ. ವ್ಯಾಯಾಮದ ನಂತರದ ನೋವಿಗೆ ಇದು ಕೆಲಸ ಮಾಡುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ 2015ರಲ್ಲೇ ಹೇಳಿತ್ತು. 1978ರಲ್ಲಿ ಜಪಾನಿನ ವೈದ್ಯ ತೋಶಿಮಾ ಯಾಮೌಚಿ ಇದನ್ನು ಶುರು ಮಾಡಿದ್ದೂ ರುಮಟಾಯ್ಡ್ ಕೀಲುನೋವಿನವರಿಗೆ. ಓಟಗಾರರ ತೊಡೆಗಲ್ಲ.

ಹೊರಡುವಾಗ ತಿಂಗಳ ಪ್ಯಾಕೇಜ್ ತಗೊಳ್ಳಿ ಅಂದರು. ಬೇಡ ಅಂದೆ. ಮನಸ್ಸು ಮಂಕಾದಾಗ ಯಾವಾಗಲಾದರೂ ಒಮ್ಮೆ ಹೋಗುತ್ತೇನೆ. ಕಾಲಿಗೆ ಮನೆಯ ತಣ್ಣೀರಿನ ಟಬ್ಬೇ ಸಾಕು.