ಎರಡು ಝೀರೋ ಬಲ್ಬು, ಒಂದು ಕಂಬಳಿ, 27 ಸಾವಿರದ ಟೂಲ್ ಪೆಟ್ಟಿಗೆ

ಈ ಸಲ ಕೈಲ್ ಪೊಳ್ದ್ (ನಮ್ಮ ಕೊಡಗಿನ ಆಯುಧ ಪೂಜೆ ಹಬ್ಬ) ದಿನ ಕೋವಿ, ಕತ್ತಿಗಳ ಪಕ್ಕದಲ್ಲಿ ನನ್ನ 14-15 ರಿಂಗ್ ಸ್ಪ್ಯಾನರನ್ನೂ ಪೂಜೆಗೆ ಇಟ್ಟೆ. ಹೋದ ವರ್ಷದವರೆಗೆ ಆ ಧೈರ್ಯ ಇರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಅಂದ್ರೆ ಮೂರು ತಿಂಗಳ ಮಳೆ ಕುಡಿದು ಸ್ಪ್ಯಾನರ್‌ಗಳೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತಿದ್ದವು. ಡೀಸೆಲ್‌ನಲ್ಲಿ ನೆನೆಸಿ, ಉಜ್ಜಿ, ಅರ್ಧ ದಿನ ಹೋಗುತ್ತಿತ್ತು. ಈ ಸಲ ಮಾವ ಆ ಸ್ಪ್ಯಾನರನ್ನು ಎತ್ತಿಕೊಂಡು, ರಿಂಗಿನ ಒಳಗೆ ಹೆಬ್ಬೆರಳು ಹಾಕಿ ತಿರುವಿ, ಬೆರಳನ್ನು ನೋಡಿಕೊಂಡರು. ಏನೂ ಅಂಟಿರಲಿಲ್ಲ. ವಾಪಸ್ ಇಟ್ಟು ಸುಮ್ನೆ ಹೋದರು. ಅವರು ಸುಮ್ನಿರೋದೇ ನಮ್ಮ ಮನೆಯಲ್ಲಿ ದೊಡ್ಡ ಸರ್ಟಿಫಿಕೇಟ್.

ಯಾಕಂದ್ರೆ ಪೆಟ್ಟಿಗೆ ತಂದ ದಿನ ಇದೇ ಮಾವ, "ಸ್ಪ್ಯಾನರ್ ಇಡೋಕೆ 27 ಸಾವಿರನಾ ಮಾರಾಯ? ಗೋಣಿಚೀಲದಲ್ಲಿ ಹಾಕಿ ಒಲೆ ಮೇಲೆ ಅಟ್ಟಕ್ಕೆ ಎಸೆದರೆ ಆಯ್ತಲ್ಲ" ಅಂದಿದ್ದರು. ಆಗ ಸಿಟ್ಟು ಬಂದಿತ್ತು. ಆದ್ರೆ ಕೊನೆಗೆ ಕೆಲಸಕ್ಕೆ ಬಂದದ್ದು ಅವರ ಆ ಅಟ್ಟದ ಮಾತೇ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನದು ಗೋಣಿಕೊಪ್ಪಲಿನಿಂದ ಸ್ವಲ್ಪ ಒಳಗೆ ಕಾಫಿ ತೋಟ. ಗ್ಯಾರೇಜ್ ಅಂತ ದೊಡ್ಡ ಮಾತು, ಅದು ಜೀಪ್ ಶೆಡ್. ಮೂರು ಕಡೆ ಗೋಡೆ, ಮುಂದೆ ಖಾಲಿ, ಮೇಲೆ ಶೀಟ್. ಒಂದು ಹಳೇ ಜೀಪ್, ಎರಡು ವೀಡ್ ಕಟ್ಟರ್, ಒಂದು ಚೈನ್ ಸಾ, ಸ್ಪ್ರಿಂಕ್ಲರ್ ಇಂಜಿನ್, ಪಲ್ಪರ್ ಮೋಟರ್. ಇಷ್ಟರ ರಿಪೇರಿ ಎಲ್ಲ ನಾನೇ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂ ಬಿಡಲಿ ಅಂತ ನೀರು ಹಾರಿಸುವಾಗ ಇಂಜಿನ್ ನಿಂತರೆ ಮೆಕ್ಯಾನಿಕ್‌ಗೆ ಕಾಯುತ್ತಾ ಕೂರೋಕೆ ಆಗಲ್ಲ, ನಿಮಗೇ ಗೊತ್ತು.

ಮೊದಲು ಇದ್ದದ್ದು ಎಲ್ಲರ ಮನೆಯಲ್ಲೂ ಇರುವ ಐದು ಟ್ರೇ ತಗಡಿನ ಪೆಟ್ಟಿಗೆ, 2,200 ಇರಬೇಕು. ಅದು ತುಂಬಿದ ಮೇಲೆ ಹಳೇ ಆಫೀಸಿನ ಒಂದು ಕಬ್ಬಿಣದ ಬೀರು 3,500ಕ್ಕೆ ಸಿಕ್ಕಿತು. ಬಾಗಿಲು ಹಾಕಿದರೆ ಗಾಳಿ ಹೋಗಲ್ಲ, ಒಳ್ಳೇದು ಅಂದುಕೊಂಡೆ. 2018ರ ಆಗಸ್ಟ್ ಮಳೆಯಲ್ಲಿ ಹತ್ತು ಹನ್ನೆರಡು ದಿನ ಶೆಡ್ಡಿಗೇ ಹೋಗಿರಲಿಲ್ಲ. ಆಮೇಲೆ ತೆಗೆದು ನೋಡಿದರೆ ಒಳಗೆ ಬೀರುವಿನ ಹಿಂದಿನ ತಗಡು ಬೆವತು, ನೀರು ಗೆರೆಗೆರೆಯಾಗಿ ಇಳಿದು, ಕೆಳಗಿನ ತಟ್ಟೆಯಲ್ಲಿ ನಿಂತಿತ್ತು. ಸಾಕೆಟ್ ಸೆಟ್ ಅದರಲ್ಲೇ ಕೂತಿತ್ತು. ಗಾಳಿ ಹೋಗಲ್ಲ ಅನ್ನೋದು ನಿಜ, ಒಳಗಿದ್ದ ತೇವವೂ ಹೊರಗೆ ಹೋಗಲ್ಲ ಅನ್ನೋದು ಆಗ ಗೊತ್ತಾಯ್ತು.

ಮೂರನೇದು ನನ್ನದೇ ಬುದ್ಧಿ. ತೋಟದ್ದೇ ಸಿಲ್ವರ್ ಓಕ್‌ನಲ್ಲಿ ಫ್ರೇಮ್, ಪ್ಲೈವುಡ್ ಡ್ರಾಯರ್, ಆಚಾರಿಯ ಕೂಲಿ ಸೇರಿ 9 ಸಾವಿರ. ಮೇ ತಿಂಗಳಲ್ಲಿ ಬೆಣ್ಣೆ ಹಾಗೆ ಜಾರುತ್ತಿತ್ತು, ಎಲ್ಲರನ್ನೂ ಕರೆದು ತೋರಿಸಿದೆ. ಜುಲೈಯಲ್ಲಿ ಒಂದು ಡ್ರಾಯರೂ ತೆಗೆಯೋಕೆ ಬರಲಿಲ್ಲ. ಕಾಲು ಕೊಟ್ಟು ಎಳೆದಾಗ ಮುಂದಿನ ಹಲಗೆ ಮಾತ್ರ ಕೈಗೆ ಬಂತು. ಮುಂದಿನ ಬೇಸಿಗೆಗೆ ತಳಕ್ಕೆ ಗೆದ್ದಲು ಬೇರೆ. ಈಗ ಅದರಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ.

ನಾಲ್ಕನೇದು ಆನ್‌ಲೈನಲ್ಲಿ ತರಿಸಿದ 8,900ರ ಚಕ್ರದ ಪೆಟ್ಟಿಗೆ. ಫೋಟೋದಲ್ಲಿ ಕೆಂಪಗೆ ಮಿಂಚುತ್ತಿತ್ತು. ಬಂದಾಗ ಒಂದು ಮೂಲೆ ಒಳಗೆ ಹೋಗಿತ್ತು, ಡ್ರಾಯರ್ ಜಾರೋಕೆ ಬೇಕಾದ ಚಾನೆಲ್ಲೇ ಇಲ್ಲ, ತಗಡಿನ ಮೇಲೆ ತಗಡು ಉಜ್ಜಿಕೊಂಡು ಬರುತ್ತದೆ. ದುಡ್ಡು ವಾಪಸ್ ಬರೋಕೆ ಒಂದೂವರೆ ತಿಂಗಳು ಫೋನ್ ಮಾಡಿದ್ದೇನೆ, ಸಾಗಾಟದ 1,200 ಹೋಯ್ತು. ಹೀಗೆ ಹೆಚ್ಚುಕಡಿಮೆ 16 ಸಾವಿರ ಕಳೆದ ಮೇಲೆ ಬುದ್ಧಿ ಬಂತು.

ನಮ್ಮೂರ ವೆಲ್ಡಿಂಗ್ ಶಾಪಲ್ಲಿ 18 ಗೇಜ್ ತಗಡಲ್ಲಿ ಮಾಡಿಕೊಡ್ತೀನಿ, 18 ಸಾವಿರ ಆಗುತ್ತೆ ಅಂದರು. ಗಟ್ಟಿ ಇರ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಚಾನೆಲ್ ನಾನೇ ತರಬೇಕು, ಪೌಡರ್ ಕೋಟಿಂಗ್ ಇಲ್ಲ, ಬರೀ ಸ್ಪ್ರೇ ಪೇಂಟ್. ನಮ್ಮ ಮಳೆಗೆ ಸ್ಪ್ರೇ ಪೇಂಟ್ ಎರಡು ವರ್ಷ. ಅತ್ತ ಕಡೆ ಲಕ್ಷ ದಾಟುವ ಪೆಟ್ಟಿಗೆಗಳೂ ಇವೆ, ಅವು ನನ್ನಂಥವನಿಗಲ್ಲ. ಹಾಗಾಗಿ 25ರಿಂದ 30 ಸಾವಿರದೊಳಗೆ ಅಂತ ತೀರ್ಮಾನ ಮಾಡಿ ಮೈಸೂರಿಗೆ ಹೋದೆ. ಎರಡು ಸಲ ಹೋಗಿ ಸುಮ್ನೆ ನೋಡಿ ಬಂದೆ, ಮೂರನೇ ಸಲ ತಂದೆ.

ಅಂಗಡಿಗೆ ಹೋಗುವಾಗ ಜೇಬಲ್ಲಿ ವರ್ನಿಯರ್ ಇತ್ತು. ಡ್ರಾಯರ್ ಪೂರ್ತಿ ಎಳೆದು ಅಂಚಿನ ತಗಡು ಅಳೆದರೆ ಅಂಗಡಿಯವರ ಮುಖ ಬದಲಾಗುತ್ತದೆ. ಒಂದು ಕಡೆ 1 ಎಂಎಂ ಅಂದದ್ದು 0.7 ಇತ್ತು. ಇನ್ನೊಂದು ಕಡೆ ಮೈ ತಗಡು 0.9, ಡ್ರಾಯರ್ ತಳ 0.7, ಅದನ್ನವರು ಮೊದಲೇ ಹೇಳಿದ್ದರು. ತಗಡಿನ ಲೆಕ್ಕಕ್ಕಿಂತ ಆ ನಿಜ ಹೇಳಿದ್ದಕ್ಕೇ ಅಲ್ಲಿ ತೆಗೆದುಕೊಂಡೆ ಅನ್ನಬಹುದು. ಆಮೇಲೆ ಕೆಳಗಿನ ಡ್ರಾಯರನ್ನು ಪೂರ್ತಿ ಹೊರಗೆ ಎಳೆದು ಅದರ ಮೂತಿಯ ಮೇಲೆ ಎರಡೂ ಕೈ ಊರಿ ನನ್ನ ಅರ್ಧ ಭಾರ ಬಿಟ್ಟೆ. ಚಾನೆಲ್ 45 ಎಂಎಂ ಅಗಲದ್ದು, ಬಾಲ್ ಬೇರಿಂಗ್, ಜೋಡಿ 40 ಕೆಜಿ ಚಿಲ್ಲರೆ ಹೊರುತ್ತದೆ ಅಂತ ಹೇಳಿದರು. ಸ್ವಲ್ಪ ಬಗ್ಗಿತು, ಬಿಟ್ಟಾಗ ವಾಪಸ್ ಬಂತು. ಒಂದು ಡ್ರಾಯರ್ ತೆಗೆದಿರುವಾಗ ಇನ್ನೊಂದು ಬರಬಾರದು, ಎರಡೂ ಬಂದರೆ ಪೆಟ್ಟಿಗೆ ಮುಂದಕ್ಕೆ ಮಗುಚುತ್ತದೆ. ಇದರಲ್ಲಿ ಆ ಲಾಕ್ ಇತ್ತು.

ಎಷ್ಟು ಡ್ರಾಯರ್ ಅಂತ ಎಲ್ಲರೂ ಎಣಿಸುತ್ತಾರೆ. ನಾನು ಪೆಟ್ಟಿಗೆಯನ್ನು ಮಲಗಿಸಿ ತಳ ನೋಡಿದೆ. ಅಂಗಡಿ ಹುಡುಗ ನಕ್ಕ. ನಗಲಿ, ಕೊಡಗಿನಲ್ಲಿ ಪೆಟ್ಟಿಗೆ ಸಾಯೋದು ತಳದಿಂದಲೇ. ತಗಡು ಒಳಕ್ಕೆ ಮಡಚಿರುವ ಜಾಗದಲ್ಲಿ ಬೆರಳು ಹಾಕಿದರೆ ಪೌಡರ್ ಬಣ್ಣ ಅಲ್ಲಿವರೆಗೆ ತಲುಪಿದೆಯೋ ಇಲ್ಲವೋ ಗೊತ್ತಾಗುತ್ತದೆ. ಬಣ್ಣ ಇದ್ದಲ್ಲಿ ನುಣ್ಣಗಿರುತ್ತದೆ, ಇಲ್ಲದ ಕಡೆ ತಣ್ಣಗೆ, ಎಣ್ಣೆ ಎಣ್ಣೆ. ಇದರಲ್ಲಿ ಮೂರು ಕಡೆ ಇತ್ತು, ಹಿಂದಿನ ಮಡಿಕೆಯಲ್ಲಿ ಇರಲಿಲ್ಲ. ಅದನ್ನೇ ತೋರಿಸಿ ರೇಟ್ ಇಳಿಸಿದೆ. 31 ಸಾವಿರ ಅಂದದ್ದು ಜಿಎಸ್‌ಟಿ ಸೇರಿ 27,500ಕ್ಕೆ ನಿಂತಿತು. ಮನೆಗೆ ತಂದು ಆ ಮಡಿಕೆಗೆ ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆದೆ, 150 ರೂಪಾಯಿ ಕೆಲಸ.

ಚಕ್ರ 5 ಇಂಚಿನದೇ ಬೇಕು. ನಮ್ಮ ಶೆಡ್ಡಿನ ನೆಲ ಷೋರೂಮಿನದಲ್ಲ, 3 ಇಂಚಿನ ಚಕ್ರ ಸಿಮೆಂಟಿನ ಒಂದು ಬಿರುಕಿಗೇ ನಿಂತುಬಿಡುತ್ತದೆ.

ತಂದದ್ದು ಸ್ನೇಹಿತನ ಪಿಕಪ್‌ನಲ್ಲಿ, ಹುಣಸೂರು, ತಿತಿಮತಿ ದಾರಿಯಲ್ಲಿ. ಖಾಲಿ ಪೆಟ್ಟಿಗೆಯೇ 60 ಕೆಜಿ ಹತ್ತಿರ. ಡ್ರಾಯರ್‌ಗಳಿಗೆ ಬೀಗ ಹಾಕಿದರೆ ಸಾಲದು, ಸುತ್ತ ಹಗ್ಗ ಬಿಗೀರಿ. ನಾನು ಬಿಗಿದಿರಲಿಲ್ಲ. ತಿತಿಮತಿ ಹತ್ತಿರ ಒಂದು ಹಂಪಿನಲ್ಲಿ ಮೇಲಿನ ಡ್ರಾಯರ್ ಬೀಗ ಮುರಿದುಕೊಂಡು ಹೊರಗೆ ಬಂತು. ಆನೆ ಓಡಾಡುವ ಜಾಗ, ಸಂಜೆ ಆಗಿತ್ತು, ಇಳಿದು ಸರಿ ಮಾಡುವ ಧೈರ್ಯ ಇಬ್ಬರಿಗೂ ಇಲ್ಲ. ಹಾಗೇ ಡಬಡಬ ಅಂತ ಮನೆವರೆಗೆ ಬಂದೆವು.

ಮೊದಲ ವರ್ಷ ಒಂದು ಶೋಕಿ ಮಾಡಿದೆ. ಫೋಮ್ ಶೀಟ್ ತಂದು ಪ್ರತಿ ಸ್ಪ್ಯಾನರಿನ ಆಕಾರಕ್ಕೆ ಕತ್ತರಿಸಿ, ಒಂದೊಂದಕ್ಕೂ ಒಂದೊಂದು ಮನೆ. ಎರಡು ಭಾನುವಾರ, 1,800 ರೂಪಾಯಿ. ನೋಡೋಕೆ ಆಸ್ಪತ್ರೆ ಟ್ರೇ ಹಾಗಿತ್ತು. ಕಕ್ಕಡದ (ಜುಲೈ-ಆಗಸ್ಟಿನ ಜೋರು ಮಳೆ ತಿಂಗಳು) ಹೊತ್ತಿಗೆ ಸ್ಪ್ಯಾನರ್‌ಗಳ ಮೇಲ್ಭಾಗ ಹೊಳೆಯುತ್ತಿತ್ತು, ಎತ್ತಿ ತಿರುಗಿಸಿದರೆ ಅಡಿ ಪೂರ್ತಿ ಕೆಂಪು. ಫೋಮಿಗೂ ಕಬ್ಬಿಣಕ್ಕೂ ನಡುವೆ ಸಿಕ್ಕ ತೇವ ಒಣಗೋದೇ ಇಲ್ಲ. ಕಿತ್ತು ಬಿಸಾಡಿದೆ. ಈಗ ತೂತು ತೂತಿನ ರಬ್ಬರ್ ಮ್ಯಾಟ್, ಅಷ್ಟೇ.

ತೇವದ ಜೊತೆ ಆಟ ಆಡಿದ್ದು ಒಂದೆರಡಲ್ಲ. 450 ರೂಪಾಯಿಯ ತೇವ ತೋರಿಸುವ ಮೀಟರ್ ಒಳಗಿಟ್ಟೆ. ಜುಲೈಯಲ್ಲಿ ಶೆಡ್ಡಲ್ಲಿ ಶೇಕಡಾ 92-95, ಪೆಟ್ಟಿಗೆ ಒಳಗೆ 90. ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟೆ, ಮುಳ್ಳು ಅಲ್ಲಾಡಲಿಲ್ಲ. ಕರ್ಪೂರ ಇಟ್ಟೆ, ಇರುವೆ ಹೋಯ್ತು, ಮೂರು ವಾರದಲ್ಲಿ ಕರ್ಪೂರವೂ ಹೋಯ್ತು. ತೇವ ಹೀರುವ ಸಿಲಿಕಾ ಜೆಲ್ ಹರಳು ನಾಲ್ಕು ದಿನಕ್ಕೆ ಬಣ್ಣ ಬದಲಿಸುತ್ತದೆ, ಆಮೇಲೆ ಬಾಣಲೆಯಲ್ಲಿ ಹುರಿದು ಒಣಗಿಸಬೇಕು, ಎರಡನೇ ಸಲಕ್ಕೆ ಮನೆಯವಳು ಬಾಣಲೆ ಕಿತ್ತುಕೊಂಡಳು. ಬಟ್ಟೆ ಬೀರುವಿನಲ್ಲಿ ನೇತುಹಾಕುವ ಚೀಲ ಬರುತ್ತದಲ್ಲ, ಕ್ಯಾಲ್ಸಿಯಂ ಕ್ಲೋರೈಡಿನದು, ಅದು ನೀರು ಚೆನ್ನಾಗಿ ಎಳೆಯುತ್ತದೆ. ಒಂಬತ್ತು ದಿನಕ್ಕೆ ಚೀಲ ತುಂಬಿ ಒಂದು ಕಡೆ ಸೋರಿತು. ಆ ನೀರು ಉಪ್ಪುನೀರಿಗಿಂತ ಕೆಟ್ಟದ್ದು, ನನ್ನ ಒಳ್ಳೆ ವರ್ನಿಯರ್ ಅದರಲ್ಲೇ ಹೋಯ್ತು. ಟೂಲ್ ಇರುವ ಕಡೆ ಅದನ್ನು ಇಡಲೇಬೇಡಿ.

ಆಗ ನೆನಪಾದದ್ದು ಮಾವನ ಅಟ್ಟ. ಒಲೆ ಮೇಲಿನ ಅಟ್ಟದಲ್ಲಿ ಕತ್ತಿ ಇಟ್ಟರೆ ಮಳೆಗಾಲವಿಡೀ ತುಕ್ಕು ಹಿಡಿಯಲ್ಲ. ಅಲ್ಲಿ ತೇವ ಹೀರುವ ಯಾವ ಪುಡಿಯೂ ಇಲ್ಲ, ಬರೀ ಸ್ವಲ್ಪ ಬಿಸಿ. ಸರಿ, ಕೆಳಗಿನ ಡ್ರಾಯರ್ ಖಾಲಿ ಮಾಡಿ ಒಂದು ಝೀರೋ ಬಲ್ಬು ಹಾಕಿದೆ. ಹಳೇ ತಂತಿಯ ಬಲ್ಬೇ ಆಗಬೇಕು, ಹೆಸರಿಗೆ ಝೀರೋ ಆದರೂ 12-15 ವ್ಯಾಟ್ ತಿನ್ನುತ್ತದೆ, ತಿಂದದ್ದನ್ನೆಲ್ಲ ಹೆಚ್ಚುಕಡಿಮೆ ಬಿಸಿಯಾಗಿಯೇ ಬಿಡುತ್ತದೆ. ಎಲ್‌ಇಡಿ ಝೀರೋ ಬಲ್ಬು ಹಾಕಿದರೆ ಏನೂ ಆಗಲ್ಲ, ನಾನು ಹಾಕಿ ನೋಡಿದ್ದೇನೆ. ಒಂದು ಬಲ್ಬಿಗೆ 90 ಇದ್ದದ್ದು 82-83ಕ್ಕೆ ಬಂತು. ಸಾಲದು. ಎರಡು ಹಾಕಿದೆ, 75. ಪಕ್ಕದ ತೋಟದವರು ಬಂದು ನೋಡಿ, ಕೋಳಿಮರಿಗೆ ಕಾವು ಕೊಡ್ತಿದ್ದೀರಾ ಅಂದರು.

ತಗಡಿನ ಮೈ ಬಿಸಿಯನ್ನು ಹೊರಗೆ ಬಿಟ್ಟುಬಿಡುತ್ತಿತ್ತು, ಕೈ ಇಟ್ಟರೆ ಗೊತ್ತಾಗುತ್ತಿತ್ತು. ಹಿಂದೆ ಮತ್ತು ಪಕ್ಕಗಳಿಗೆ ಹೊರಗಡೆಯಿಂದ ಥರ್ಮಾಕೋಲ್ ಅಂಟಿಸಿ, ಮೇಲಿಂದ ಅಜ್ಜನ ಕಾಲದ ಕರಿ ಕಂಬಳಿ ಹೊದಿಸಿದೆ. ಮಾರನೇ ದಿನ ಮೀಟರ್ 63. ನಂಬಿಕೆ ಬರದೆ ಇನ್ನೊಂದು ಮೀಟರ್ ತಂದು ನೋಡಿದೆ, 65. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ರಾತ್ರಿ ಉರಿಸಿದೆ. ತಿಂಗಳಿಗೆ 20 ಯೂನಿಟ್ ಚಿಲ್ಲರೆ, ಇಡೀ ಮಳೆಗಾಲಕ್ಕೆ 600 ರೂಪಾಯಿ ಇರಬಹುದು. ಮಳೆಯಲ್ಲಿ ಕರೆಂಟ್ ಇರಲ್ವಲ್ಲ ಅನ್ನುತ್ತೀರಿ. ಇನ್ವರ್ಟರ್‌ಗೆ 30 ವ್ಯಾಟ್ ಭಾರ ಅಲ್ಲ. ಅದೂ ಸತ್ತರೆ ಕಂಬಳಿ ಒಂದು ದಿನ ತಡೆಯುತ್ತದೆ, ಮೂರು ದಿನ ತಡೆಯಲ್ಲ.

ಬಲ್ಬಿಗೆ ತಂತಿ ಬಲೆ ಹಾಕಿ, ಎಣ್ಣೆ ಬಟ್ಟೆ, ಪೆಟ್ರೋಲ್, ಸ್ಪ್ರೇ ಡಬ್ಬಿ ಒಂದೂ ಆ ಪೆಟ್ಟಿಗೆಯಲ್ಲಿ ಇಡಬೇಡಿ, ಪೆಟ್ಟಿಗೆಗೆ ಅರ್ತ್ ಕೊಡಿಸಿ. ಕೆಳಗಿನ ಬಿಸಿ ಏಳೂ ಡ್ರಾಯರ್ ದಾಟಿ ಮೇಲಕ್ಕೆ ಹೇಗೆ ಹೋಗುತ್ತೆ ಅಂತ ಇಬ್ಬರು ಕೇಳಿದರು. ತೂತು ಕೊರೆದಿದ್ದೇನೆ. ಎಲ್ಲಿ, ಎಷ್ಟು ಅನ್ನೋದಕ್ಕೆ ನಾನು ಎರಡು ಡ್ರಾಯರ್ ಹಾಳು ಮಾಡಿಕೊಂಡಿದ್ದೇನೆ, ನೀವೂ ಒಂದಾದರೂ ಹಾಳು ಮಾಡಿ. ಇನ್ನೊಂದು, ಟೂಲ್ ಒರೆಸುವ ಬಟ್ಟೆಗೆ ಎರಡು ಎಣ್ಣೆ ಬೆರೆಸುತ್ತೇನೆ. ಒಂದು ಕೋವಿ ಎಣ್ಣೆ. ಇನ್ನೊಂದನ್ನು ಮಾವನಿಗೂ ಹೇಳಿಲ್ಲ.

ಎಲ್ಲ ಸರಿ ಆಗಿದೆ ಅಂತಲ್ಲ. ತಿತಿಮತಿಯಲ್ಲಿ ಮುರಿದ ಬೀಗ ಹಾಗೇ ಇದೆ, ಮೇಲಿನ ಡ್ರಾಯರಿಗೆ ಬೈಕ್ ಟ್ಯೂಬಿನ ತುಂಡು ಕಟ್ಟಿದ್ದೇನೆ. ಸುತ್ತಿಗೆಗಳನ್ನೆಲ್ಲ ಒಂದೇ ಡ್ರಾಯರಿಗೆ ತುಂಬಿ ಆರನೇ ಚಾನೆಲ್‌ನ ಎರಡು ಗುಂಡು ಉದುರಿವೆ, ಎಳೆದರೆ ಕರಕರ ಅನ್ನುತ್ತದೆ. ಜೋಡಿಗೆ 700 ಹೇಳಿದ್ದಾರೆ. ಒಂದು ಚಕ್ರದ ಬ್ರೇಕ್ ಹಿಡಿಯಲ್ಲ, ಕಲ್ಲು ಕೊಟ್ಟಿದ್ದೇನೆ. ಮೊನ್ನೆ ಗೋಣಿಕೊಪ್ಪಲಿನ ಮೂರು ಎಲೆಕ್ಟ್ರಿಕಲ್ ಅಂಗಡಿ ಸುತ್ತಿದರೂ ತಂತಿಯ ಝೀರೋ ಬಲ್ಬು ಎರಡೇ ಸಿಕ್ಕಿದವು, ಎಲ್ಲ ಕಡೆ ಎಲ್‌ಇಡಿಯೇ. ವಿರಾಜಪೇಟೆಯಲ್ಲಿ ಹಳೇ ಸ್ಟಾಕ್ ಇರಬಹುದು, ಈ ವಾರ ಹೋಗಿ ಒಂದು ಡಜನ್ ತರಬೇಕು. ಆರು ಮಾವನಿಗಂತೆ. ಯಾಕೆ ಅಂತ ನಾನು ಕೇಳಲಿಲ್ಲ.